ಬೂದು ಗೊಂಬೆಯ ನಡಿಗೆ

ಚುಕ್ಕಿ ಎಂಬುದು ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಅವಳೇ ಸಂಪಾದಿಸಿಕೊಂಡದ್ದು. ಶಾಲೆಯ ಪುಸ್ತಕಗಳ ಮೂಲೆಯಲ್ಲಿ ಹಾಳೆಗೊಂದರಂತೆ ಪೆನ್ಸಿಲಿನ ಚುಕ್ಕಿ ಇಟ್ಟು, ಹೆಬ್ಬೆರಳಿನಿಂದ ಹಾಳೆಗಳನ್ನು ಪಟಪಟನೆ ಬಿಟ್ಟರೆ ಆ ಚುಕ್ಕಿ ಪುಟಿಯುತ್ತಿತ್ತು, ಹಾರುತ್ತಿತ್ತು, ಕೆಲವೊಮ್ಮೆ ಪುಟದ ಅಂಚಿನಿಂದ ಜಾರಿ ಬಿದ್ದೇ ಹೋಗುತ್ತಿತ್ತು. ಅಷ್ಟೆಲ್ಲ ಓಡಾಟದ ನಡುವೆ ಪಾಠ ಮಾತ್ರ ಇದ್ದಲ್ಲೇ ಇರುತ್ತಿತ್ತು. ಅಮ್ಮ ತಲೆ ತಲೆ ಚಚ್ಚಿಕೊಂಡಳು. ಅಪ್ಪ ಶಾಲಾ ಬಸ್ಸಿನ ಡ್ರೈವರು. ದಿನವಿಡೀ ಮಕ್ಕಳ ಗಲಾಟೆ ಕೇಳಿ ಕೇಳಿ ಮನೆಯಲ್ಲಿ ತುಟಿ ಪಿಟಕ್ಕೆನ್ನದ ಮನುಷ್ಯ, ನೋಡಿಯೂ ನೋಡದಂತೆ ಇದ್ದ. ಅಕ್ಕ ಒಬ್ಬಳೇ ಪುಸ್ತಕವನ್ನು ಕಸಿದುಕೊಂಡು ಕಿಟಕಿಯ ಬೆಳಕಿಗೆ ಹಿಡಿದು, “ಇನ್ನೊಂದ್ಸಲ ಬಿಡೇ, ಎಲ್ಲಿಗೆ ಹೋಯ್ತು ಅಂತ ಕಾಣ್ಲಿಲ್ಲ” ಅಂದಳು. ಆ ಒಂದು ಮಾತಿನ ಬಲದ ಮೇಲೆ ಚುಕ್ಕಿ ಇಷ್ಟು ದೂರ ಬಂದಳು ಎಂದರೆ ಹೆಚ್ಚಲ್ಲ.

ಅಕ್ಕ ಅವಳಿಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಮೊದಲು ಅಮ್ಮ ಮಾಡುತ್ತಿದ್ದ ಪರದೆ ಹೊಲಿಗೆಯನ್ನು ಈಗ ಅವಳು ಮಾಡುತ್ತಿದ್ದಳು. ಮನೆಯ ಮುಂದಿನ ಕೋಣೆ ಪೂರ್ತಿ ಅವಳದೇ. ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಗೋಡೆಯಿಂದ ಗೋಡೆಗೆ ಎಳೆದು ಕಟ್ಟಿದ ತಂತಿಗಳು, ಆ ತಂತಿಗಳ ಮೇಲೆ ಯಾರ್ಯಾರದೋ ಮನೆಗಳಿಗೆ ಹೋಗಬೇಕಾದ ಪರದೆಗಳು: ತೆಳು ಹಸಿರು, ಹಾಲಿನ ಕೆನೆಯ ಬಣ್ಣ, ಮುಸ್ಸಂಜೆಯ ನೀಲಿ. ಮಧ್ಯಾಹ್ನ ಗಾಳಿ ಒಳಗೆ ಬಂದರೆ ಇಡೀ ಕೋಣೆ ಉಸಿರಾಡಿದಂತೆ ಕಾಣುತ್ತಿತ್ತು. ಚುಕ್ಕಿ ನೆಲದ ಮೇಲೆ ಅಂಗಾತ ಬಿದ್ದುಕೊಂಡು ಅದನ್ನೇ ನೋಡುತ್ತಿದ್ದಳು. ಪರದೆಯ ನಡು ಮೊದಲು ಉಬ್ಬುತ್ತಿತ್ತು, ಕೆಳಗಿನ ಅಂಚು ತಡವಾಗಿ ಹಿಂಬಾಲಿಸುತ್ತಿತ್ತು, ಗಾಳಿ ನಿಂತುಹೋದ ಸುದ್ದಿ ಅಂಚಿಗೆ ಮುಟ್ಟುವಷ್ಟರಲ್ಲಿ ಅದು ಇನ್ನೂ ಎರಡು ಸಲ ತೂಗಿರುತ್ತಿತ್ತು. ಊಟಕ್ಕೆ ಕರೆದರೆ ಅವಳಿಗೆ ಕೇಳಿಸುತ್ತಿರಲಿಲ್ಲ. “ಈ ಹುಡುಗಿ ಕಣ್ಣು ಬಿಟ್ಕೊಂಡೇ ನಿದ್ದೆ ಮಾಡ್ತಾಳೆ” ಎಂದು ಅಮ್ಮ ಗೊಣಗುತ್ತಿದ್ದಳು. ಸುಳ್ಳೇನೂ ಅಲ್ಲ. ಚುಕ್ಕಿಗೆ ಎಚ್ಚರಕ್ಕೂ ಕನಸಿಗೂ ನಡುವಿನ ಬಾಗಿಲನ್ನು ಹಾಕಿಕೊಳ್ಳುವ ಅಭ್ಯಾಸವೇ ಇರಲಿಲ್ಲ.

ಅಕ್ಕನ ಎಡಗಾಲು ಹುಟ್ಟಿನಿಂದಲೇ ಬಲಗಾಲಿಗಿಂತ ಬೆರಳಗಲ ಗಿಡ್ಡ. ಹೊರಗೆ ಹೋಗುವಾಗ ದಪ್ಪ ಅಟ್ಟೆಯ ಬೂಟು ಹಾಕುತ್ತಿದ್ದಳು, ಆದರೂ ನಡಿಗೆಯ ಓಲಾಟ ಪೂರ್ತಿ ಹೋಗುತ್ತಿರಲಿಲ್ಲ. ಮನೆಯೊಳಗೆ ಬರಿಗಾಲು, ಹಾಗಾಗಿ ಎರಡು ಹೆಜ್ಜೆಗೊಮ್ಮೆ ಮೈ ಒಂದು ಪಕ್ಕಕ್ಕೆ ಇಳಿದು ಏಳುತ್ತಿತ್ತು. ಈ ಬಗ್ಗೆ ಆ ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಮಾತಾಡಬಾರದು ಎಂದು ಯಾರೂ ಹೇಳಿರಲಿಲ್ಲ ಕೂಡ. ಬೀದಿಯಲ್ಲಾಗಲಿ ಮನೆಯಲ್ಲಾಗಲಿ ಅಕ್ಕನನ್ನು ಹಿಂದೆ ಬಿಟ್ಟು ಯಾರೂ ನಡೆಯುತ್ತಿರಲಿಲ್ಲ, ಅಷ್ಟೆ. ದಡದಡನೆ ಬಸ್ಸು ಹತ್ತಿ ಇಳಿಯುವ ಅಪ್ಪ ಕೂಡ ಅವಳ ಜೊತೆಯಿದ್ದರೆ ತನಗರಿವಿಲ್ಲದೆ ನಿಧಾನವಾಗುತ್ತಿದ್ದ. ಮನೆಯಲ್ಲಿದ್ದ ಕನ್ನಡಿ ಒಂದೇ, ಕೈ ತೊಳೆಯುವ ಜಾಗದಲ್ಲಿ, ಮುಖ ಕಾಣುವಷ್ಟು. ಆಳೆತ್ತರದ ಕನ್ನಡಿ ಬೇಕೆಂದು ಯಾರಿಗೂ ಅನಿಸಿರಲಿಲ್ಲ.

ಅಕ್ಕನೂ ಕಾಲೇಜು ಸೇರಿದ್ದಳು. ಆಗ ಚುಕ್ಕಿ ಸಣ್ಣವಳು. ಒಂದು ದಿನ ಮಧ್ಯಾಹ್ನವೇ ಅಕ್ಕ ಮನೆಗೆ ಬಂದು, ಚೀಲವನ್ನು ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿ, ಅಮ್ಮನ ಹತ್ತಿರ ತಗ್ಗಿದ ದನಿಯಲ್ಲಿ ಹೇಳಿದ್ದು ಪರದೆಗಳ ಹಿಂದೆ ಆಡುತ್ತಿದ್ದ ಚುಕ್ಕಿಯ ಕಿವಿಗೂ ಬಿದ್ದಿತ್ತು. “ಮೆಟ್ಟಿಲ ಮೇಲೆ ಹುಡುಗ್ರು ನನ್ನ ಹಾಗೇ ನಡೆದು ತೋರಿಸ್ತಾರಮ್ಮ. ಎಲ್ಲರೂ ನಗ್ತಾರೆ. ನಾನಿನ್ನು ಹೋಗಲ್ಲ.” ಅಮ್ಮ ಅತ್ತಳು, ಅಪ್ಪ ಕಾಲೇಜಿಗೆ ಹೋಗಿ ಬಂದ, ಯಾರ್ಯಾರೋ ಕ್ಷಮೆ ಕೇಳಿದರಂತೆ. ಅಕ್ಕ ಮಾತ್ರ ಹೊಲಿಗೆ ಯಂತ್ರದ ಮುಂದೆ ಕೂತವಳು ಏಳಲಿಲ್ಲ. ಚೀಲ ಅದೇ ಮೊಳೆಯಲ್ಲಿ ನೇತಾಡುತ್ತ ಬಿಸಿಲಿಗೆ ಬಣ್ಣಗೆಟ್ಟಿತು.

ಅದೇ ಅಕ್ಕ ಮುಂದೆ ಚುಕ್ಕಿಯ ಓದಿನ ವಿಷಯ ಬಂದಾಗ ಹಟಕ್ಕೆ ಬಿದ್ದಳು. “ಗೊಂಬೆ ಆಡಿಸೋಕೂ ಕಾಲೇಜಾ?” ಎಂದು ಅಮ್ಮ ಮೂಗು ಮುರಿದರೆ, “ಕಂಪ್ಯೂಟರಲ್ಲಿ ಗೊಂಬೆಗೆ ಜೀವ ಕೊಡೋದಮ್ಮ. ಅವಳು ಒಂದನೇ ಕ್ಲಾಸಿಂದ ಅದನ್ನೇ ಮಾಡ್ತಿದಾಳೆ, ಈಗ ಯಾರಾದ್ರೂ ಸರಿಯಾಗಿ ಹೇಳ್ಕೊಡ್ಲಿ” ಅಂದಳು. ಅಪ್ಪ ಬಹಳ ಅಪರೂಪಕ್ಕೆ ಬಾಯಿ ಬಿಟ್ಟು, “ಸೇರ್ಸಿ” ಅಂದ. ಹಾಗೆ ಚುಕ್ಕಿ ಅನಿಮೇಷನ್ ಕಾಲೇಜಿನ ಮೆಟ್ಟಿಲು ಹತ್ತಿದಳು.

ಮೊದಲ ವರ್ಷವೆಲ್ಲ ಚೆಂಡು, ಹಿಟ್ಟಿನ ಮೂಟೆ, ಉದುರುವ ಎಲೆ. ಕಂಪ್ಯೂಟರಿನಲ್ಲಿ ಚೆಂಡನ್ನು ಇಲ್ಲಿಟ್ಟು, ಆಮೇಲೆ ಅಲ್ಲಿಟ್ಟರೆ ನಡುವಿನ ದಾರಿಯನ್ನು ಅದೇ ತುಂಬಿಕೊಳ್ಳುತ್ತದೆ, ಬೆಣ್ಣೆಯಷ್ಟು ನುಣ್ಣಗೆ. ಚುಕ್ಕಿಗೆ ಆ ನುಣುಪು ಕಂಡರೆ ಸ್ವರ್ಗ. ಅವಳ ಚೆಂಡುಗಳು ತೇಲಿದವು, ಮೂಟೆಗಳು ತೇಲಿದವು, ಕುರ್ಚಿಯಿಂದ ಬಿದ್ದವನೂ ದಾರಿಯಲ್ಲಿ ಒಂದು ಕೋಳಿನಿದ್ದೆ ಮುಗಿಸಿ ನೆಲ ಮುಟ್ಟಿದ. ಪಾಠ ಹೇಳುವ ಮೇಷ್ಟ್ರು ಕಂಪ್ಯೂಟರು ಬರುವ ಮೊದಲು ಕಾಗದದ ಮೇಲೆ ಸಾವಿರಾರು ಚಿತ್ರ ಬರೆದು ಬೆನ್ನು ಬಾಗಿಸಿಕೊಂಡವರು. ಅವಳ ಮಾನಿಟರಿನ ಮುಂದೆ ನಿಂತು, “ಏನಮ್ಮ, ನಿನ್ನ ಲೋಕದಲ್ಲಿ ನೆಲಕ್ಕೆ ರಜೆ ಕೊಟ್ಟಿದ್ದಾರಾ?” ಎಂದು ಕೇಳಿದರು. ತರಗತಿ ಗೊಳ್ಳೆಂದಿತು. ಚುಕ್ಕಿಯೂ ನಕ್ಕಳು. “ಯಂತ್ರಕ್ಕೆ ದಾರಿ ಗೊತ್ತು, ಆಯಾಸ ಗೊತ್ತಿಲ್ಲ. ಆಯಾಸ ನೀನು ಹಾಕ್ಬೇಕು” ಎಂದು ಹೇಳಿ ಮೇಷ್ಟ್ರು ಮುಂದಿನ ಮೇಜಿಗೆ ಹೋದರು.

ಎರಡನೇ ವರ್ಷದ ಕೊನೆಗೆ ಮೇಷ್ಟ್ರದೊಂದು ಪದ್ಧತಿಯಿತ್ತು. ಎಲ್ಲರಿಗೂ ಒಂದೇ ಗೊಂಬೆ ಕೊಡುತ್ತಿದ್ದರು. ಬೂದು ಬಣ್ಣ, ಕಣ್ಣಿಲ್ಲ, ಮೂಗಿಲ್ಲ, ಕೂದಲಿಲ್ಲ, ಬಟ್ಟೆಯಿಲ್ಲ. ಗಂಡೋ ಹೆಣ್ಣೋ ಅದಕ್ಕೇ ಗೊತ್ತಿಲ್ಲ. ಆ ಗೊಂಬೆಯೊಳಗೆ ಪ್ರತಿಯೊಬ್ಬರೂ ತಮ್ಮ ತಮ್ಮ ನಡಿಗೆಯನ್ನು ತುಂಬಬೇಕು. ಆಮೇಲೆ ಒಂದು ಸಂಜೆ ಮನೆಯವರನ್ನೆಲ್ಲ ಕರೆಸಿ, ಸಭಾಂಗಣದಲ್ಲಿ ಆ ಗೊಂಬೆಗಳನ್ನು ಒಂದಾದ ಮೇಲೊಂದು ನಡೆಸುತ್ತಿದ್ದರು. ಹೆಸರು ಹಾಕುತ್ತಿರಲಿಲ್ಲ. ಮನೆಯವರಲ್ಲಿ ಒಬ್ಬರಾದರೂ ಎದ್ದು ‘ಇದು ನಮ್ಮ ಮಗು’ ಎಂದರೆ, ಆ ವಿದ್ಯಾರ್ಥಿ ಮುಂದಿನ ವರ್ಷ ಮೇಷ್ಟ್ರ ಕೋಣೆಗೆ, ಪಾತ್ರಗಳನ್ನು ನಡೆಸುವ ವಿಭಾಗಕ್ಕೆ. ಯಾರೂ ಏಳದಿದ್ದರೆ ಹಿಂದಿನ ಕಟ್ಟಡಕ್ಕೆ: ಕಲ್ಲು, ಮರ, ಮೋಡ, ಬೆಳಕು. ಅದೂ ಒಳ್ಳೆಯ ವಿದ್ಯೆಯೇ, ಅದರಿಂದ ಬದುಕು ಕಟ್ಟಿಕೊಂಡವರು ಬೇಕಾದಷ್ಟು ಜನ. ಆದರೆ ಪುಸ್ತಕದ ಮೂಲೆಯ ಚುಕ್ಕಿಯನ್ನು ನಡೆಸಿದ ದಿನದಿಂದ ನಮ್ಮ ಚುಕ್ಕಿಗೆ ಬೇಕಾಗಿದ್ದದ್ದು ಒಂದೇ, ಮೇಷ್ಟ್ರ ಆ ಕೋಣೆ.

ನಡಿಗೆಯನ್ನು ಮೊದಲು ಕ್ಯಾಮೆರಾದಲ್ಲಿ ಹಿಡಿದರು. ಕಾಲೇಜಿನ ಉದ್ದನೆಯ ಪಡಸಾಲೆಯಲ್ಲಿ ಒಬ್ಬೊಬ್ಬರೂ ಗೋಡೆಯ ಪಕ್ಕದಲ್ಲಿ ನಡೆದುಕೊಂಡು ಹೋಗುವುದು. ಕ್ಯಾಮೆರಾ ಕಂಡರೆ ನಡೆಯುವುದೇ ಮರೆತುಹೋಗುವವರು ಕೆಲವರು. ಒಬ್ಬ ಹುಡುಗನಂತೂ ಬಲಗೈ ಬಲಗಾಲು ಒಟ್ಟಿಗೆ ಎತ್ತಿ ಹಾಕಿ ಎಲ್ಲರ ಹೊಟ್ಟೆ ಹುಣ್ಣಾಗುವಂತೆ ನಗಿಸಿದ. ಚುಕ್ಕಿ ಎಂದಿನಂತೆ ಏನೋ ಯೋಚಿಸುತ್ತ ನಡೆದು ಹೋದಳು, ಕ್ಯಾಮೆರಾ ಇದ್ದದ್ದೇ ಅವಳಿಗೆ ನೆನಪಿರಲಿಲ್ಲ.

ಮರುದಿನ ಪಕ್ಕದ ಮೇಜಿನ ಗೆಳತಿ, ದಪ್ಪ ಕನ್ನಡಕದವಳು, ಚುಕ್ಕಿಯ ಮಾನಿಟರಿನತ್ತ ಬಗ್ಗಿ ನೋಡಿ ಕೇಳಿದಳು.

“ಏಯ್, ನಿನ್ನೆ ನಿನ್ನ ಕಾಲಿಗೆ ಏನಾದ್ರೂ ಆಗಿತ್ತಾ?”

“ಇಲ್ವಲ್ಲ, ಯಾಕೆ?”

“ನೋಡು. ಎಡಗಾಲು ಊರಿದಾಗೆಲ್ಲ ಸ್ವಲ್ಪ ಇಳೀತೀಯ. ಅಯ್ಯೋ, ತಪ್ಪು ತಿಳ್ಕೋಬೇಡ, ಚೆಂದಾಗೇ ಇದೆ. ದೋಣಿ ಥರ.”

ಚುಕ್ಕಿ ನೋಡಿದಳು. ಹಿಂದಕ್ಕೆ ತಿರುಗಿಸಿ ಮತ್ತೆ ನೋಡಿದಳು. ಎಡಗಾಲು ನೆಲಕ್ಕೆ ಬಂತು, ಮೈ ಒಂದು ಎಳೆಯಷ್ಟು ಕೆಳಗೆ ಹೋಯಿತು, ಬಲಭುಜ ಮೇಲೆದ್ದಿತು, ಮತ್ತೆ ಎಲ್ಲ ಸಮವಾಯಿತು. ಇನ್ನೆರಡು ಹೆಜ್ಜೆಗೆ ಮತ್ತೆ ಅದೇ. ಅವಳ ಕಾಲುಗಳು ಎರಡೂ ಒಂದೇ ಉದ್ದ. ಅದರಲ್ಲಿ ಅನುಮಾನವೇ ಇರಲಿಲ್ಲ.

ಆ ಸಂಜೆ ಮನೆಗೆ ಬಂದು ಬಾಗಿಲಲ್ಲೇ ನಿಂತಳು. ಅಕ್ಕ ತೋಳ ತುಂಬ ಕೆನೆಬಣ್ಣದ ಪರದೆ ಹೊತ್ತು ಕೋಣೆಯ ಈ ತುದಿಯಿಂದ ಆ ತುದಿಗೆ ಹೋಗುತ್ತಿದ್ದಳು. ಎಡಗಾಲು ಬಂತು, ಮೈ ಇಳಿಯಿತು, ಬಲಭುಜ ಎದ್ದಿತು. ಹುಟ್ಟಿದಾಗಿನಿಂದ ಕಣ್ಣ ಮುಂದೆಯೇ ಇದ್ದ ನಡಿಗೆ, ಒಂದು ದಿನವಾದರೂ ಅದನ್ನು ಅವಳು ನೋಡಿರಲಿಲ್ಲ. ಪರದೆಯ ಅಂಚು ಹೇಗೆ ಅಲುಗುತ್ತದೆ ಎಂದು ಬಿಡಿಸಿ ಹೇಳಬಲ್ಲ ಹುಡುಗಿ ಪರದೆ ಹೊತ್ತವಳನ್ನು ನೋಡಿರಲಿಲ್ಲ.

“ಏನೇ ದೆವ್ವ ಕಂಡವಳ ಹಾಗೆ ನಿಂತಿದೀಯ?” ಎಂದಳು ಅಕ್ಕ.

“ಏನಿಲ್ಲಕ್ಕ. ನಂಗೆ ನಡೆಯೋಕೆ ಕಲಿಸಿದ್ದು ಯಾರು?”

“ಇನ್ಯಾರು? ಅಮ್ಮನಿಗೆ ಸೊಂಟ ಹಿಡ್ಕೊಂಡಿತ್ತು, ಅಪ್ಪ ಬಸ್ಸಲ್ಲಿ. ನಾನು ಶಾಲೆಯಿಂದ ಬಂದ ತಕ್ಷಣ ನೀನು ನನ್ನ ಬಲಗೈ ಬೆರಳು ಹಿಡ್ಕೊಂಡ್ರೆ ಆಯ್ತು, ಕತ್ತಲಾದ್ರೂ ಬಿಡ್ತಿರ್ಲಿಲ್ಲ. ಈ ಕೋಣೆಲಿ ಎಷ್ಟು ಸಲ ಓಡಾಡಿದೀವೋ.”

ಅಷ್ಟು ಹೇಳಿ ಅಕ್ಕ ಪರದೆಯನ್ನು ತಂತಿಗೆ ಹಾಕಿದಳು. ಚುಕ್ಕಿಗೆ ಆ ಕೋಣೆ ಇದ್ದಕ್ಕಿದ್ದಂತೆ ಬಹಳ ದೊಡ್ಡದಾಗಿ ಕಂಡಿತು, ಮೊಣಕಾಲೆತ್ತರದ ಮಗುವಿಗೆ ಕಾಣುವಷ್ಟು. ಮೇಲೆ ಬಣ್ಣಬಣ್ಣದ ಪರದೆಗಳು, ಪಕ್ಕದಲ್ಲಿ ಒಂದು ಬೆಚ್ಚಗಿನ ಬೆರಳು, ಇಳಿದು ಏಳುವ ಒಂದು ಮೈ. ನಡೆಯುವುದು ಎಂದರೆ ಹೀಗೇ ಎಂದು ಆ ಮಗು ತಿಳಿದುಕೊಂಡಿತ್ತು. ಜಗತ್ತಿನಲ್ಲಿ ಬೇರೆ ಥರದ ನಡಿಗೆಯೂ ಇದೆ ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ.

ಸಂತೋಷವಾಗಬೇಕಿತ್ತು. ಆದದ್ದು ಹೆದರಿಕೆ. ಸಭಾಂಗಣದಲ್ಲಿ, ಅಷ್ಟು ಜನರ ಮುಂದೆ, ಒಂದು ಬೂದು ಗೊಂಬೆ ಹೀಗೆ ನಡೆದು ಹೋದರೆ ಅಕ್ಕ ಏನೆಂದುಕೊಂಡಾಳು? ಮೆಟ್ಟಿಲ ಮೇಲಿನ ಹುಡುಗರು ಮಾಡಿ ತೋರಿಸಿದ್ದನ್ನೇ ತಂಗಿ ಕಂಪ್ಯೂಟರಿನಲ್ಲಿ ಮಾಡಿ ತೋರಿಸಿದಳು ಎಂದುಕೊಂಡರೆ? ಅಥವಾ ಅದಕ್ಕಿಂತ ಕೆಟ್ಟದ್ದು, ತನ್ನ ಕಾಲಿನ ಕೊರತೆಯನ್ನು ನೆಟ್ಟಗಿದ್ದ ಮಗುವಿಗೂ ಅಂಟಿಸಿಬಿಟ್ಟೆ ಎಂದುಕೊಂಡರೆ? ಅಕ್ಕ ಜೋರಾಗಿ ಅಳುವವಳಲ್ಲ. ಯಂತ್ರದ ಮುಂದೆ ಕೂತು ಏಳದೇ ಇರುವವಳು. ಚುಕ್ಕಿಗೆ ಆ ಬಣ್ಣಗೆಟ್ಟ ಚೀಲ ನೆನಪಾಯಿತು.

ಹೀಗಾಗಿ ಅವಳು ಕಳ್ಳದಾರಿ ಹಿಡಿದಳು. ಈ ವಿದ್ಯೆಯವರಿಗೆಲ್ಲ ಗೊತ್ತಿರುವ ಒಂದು ಸೋಮಾರಿ ಉಪಾಯವಿದೆ. ಗೊಂಬೆಗೆ ಬಲಗಾಲಿನ ಹೆಜ್ಜೆಯೊಂದನ್ನೇ ಚೆನ್ನಾಗಿ ತಿದ್ದಿ ತೀಡಿ ಮಾಡುವುದು, ಆಮೇಲೆ ಒಂದು ಗುಂಡಿ ಒತ್ತಿದರೆ ಕಂಪ್ಯೂಟರು ಅದನ್ನೇ ತಿರುಗಿಸಿ ಎಡಗಾಲಿಗೂ ಹಾಕಿಕೊಡುತ್ತದೆ. ಹುಡುಗರು ಅದನ್ನು ‘ಕನ್ನಡಿ’ ಅನ್ನುತ್ತಿದ್ದರು. ಅರ್ಧ ಕೆಲಸ ಉಳಿಯುತ್ತದೆ, ಯಾರೂ ತಪ್ಪು ಅನ್ನುವುದಿಲ್ಲ. ಚುಕ್ಕಿ ಬಲಹೆಜ್ಜೆ ಮಾಡಿದಳು, ಕನ್ನಡಿ ಒತ್ತಿದಳು. ಗೊಂಬೆ ನಡೆಯಿತು. ಎಷ್ಟು ಸಮವಾಗಿ ನಡೆಯಿತು ಎಂದರೆ ತಲೆಯ ಮೇಲೆ ತುಂಬಿದ ಲೋಟ ಇಟ್ಟರೂ ತುಳುಕುವಂತಿರಲಿಲ್ಲ.

ಮೇಷ್ಟ್ರು ಅದನ್ನು ಎರಡು ಸಲ ನೋಡಿದರು.

“ಕೆಲಸ ಶುದ್ಧವಾಗಿದೆ” ಎಂದರು. “ಯಾರಿದು?”

“ನಾನೇ ಸರ್.”

“ಕ್ಯಾಮೆರಾದಲ್ಲಿದ್ದ ಹುಡುಗಿ ಎಲ್ಲಿ ಹೋದಳು ಹಾಗಾದ್ರೆ?”

ಚುಕ್ಕಿ ಗೊಂಬೆಯನ್ನು ನಿಲ್ಲಿಸಿದಳು. ಮೇಷ್ಟ್ರು ಗದರಲಿಲ್ಲ. ಗದರಿದ್ದರೆ ಅವಳಿಗೆ ಹಾಯೆನಿಸುತ್ತಿತ್ತು. “ನೋಡಮ್ಮ, ಇದಕ್ಕೆ ಯಾರ ಮನೆಯವರೂ ಎದ್ದು ನಿಲ್ಲಲ್ಲ. ಯಾಕಂದ್ರೆ ಇದು ಯಾರ ಮನೇದೂ ಅಲ್ಲ. ಇನ್ನೂ ಸಮಯ ಇದೆ, ಆಮೇಲೆ ನಿನ್ನಿಷ್ಟ” ಎಂದು ಹೇಳಿ ಕನ್ನಡಕ ಒರೆಸಿಕೊಂಡು ಹೋದರು.

ಕೆಲವು ದಿನ ಅವಳು ಅದನ್ನು ಮುಟ್ಟಲಿಲ್ಲ. ಕಲ್ಲು ಮರಗಳೇ ಆಗಲಿ, ಏನೀಗ, ಮೋಡಗಳೂ ಚೆಂದವೇ ಎಂದು ತನಗೆ ತಾನೇ ಚಳ್ಳೆಹಣ್ಣು ತಿನ್ನಿಸಿಕೊಂಡಳು. ಒಂದು ಮಧ್ಯಾಹ್ನ ಊಟವಾದ ಮೇಲೆ ಕಂಪ್ಯೂಟರ್ ಕೋಣೆಯಲ್ಲಿ ಯಾರೂ ಇರಲಿಲ್ಲ. ಫ್ಯಾನು ಸಣ್ಣಗೆ ಗುಂಯ್ಗುಡುತ್ತಿತ್ತು. ಮಾನಿಟರಿನಲ್ಲಿ ಸಮಗೊಂಬೆ ನಡೆಯುತ್ತಲೇ ಇತ್ತು, ನಿಲ್ಲಿಸದಿದ್ದರೆ ಅದು ಯುಗ ಕಳೆದರೂ ನಡೆಯುತ್ತದೆ. ಅದನ್ನೇ ನೋಡುತ್ತ ನೋಡುತ್ತ ಚುಕ್ಕಿಯ ಕಣ್ಣಿಗೆ ಮಂಪರು ಹತ್ತಿತು.

ಗೊಂಬೆ ಮಾನಿಟರಿನಿಂದ ಇಳಿದು ಮೇಜಿನ ಮೇಲೆ ನಡೆಯಿತು, ಮೇಜಿನಿಂದ ನೆಲಕ್ಕೆ, ನೆಲದಿಂದ ಬೀದಿಗೆ. ಬೀದಿಯ ತುಂಬ ತಂತಿಗಳು, ತಂತಿಗಳ ಮೇಲೆ ಪರದೆಗಳು. ಗೊಂಬೆ ಒಂದೊಂದೇ ಪರದೆ ಸರಿಸಿ ಒಂದೊಂದು ಮನೆಯೊಳಗೆ ಹೋಗಿ ನಿಲ್ಲುತ್ತಿತ್ತು. ಒಳಗಿದ್ದವರು ತಲೆಯೆತ್ತಿ ನೋಡಿ, ನಮ್ಮವರಲ್ಲ ಎಂದು ತಮ್ಮ ಕೆಲಸ ಮುಂದುವರಿಸುತ್ತಿದ್ದರು. ಬೈಯಲೂ ಇಲ್ಲ, ಬಾ ಎನ್ನಲೂ ಇಲ್ಲ. ಕೊನೆಗೆ ಗೊಂಬೆ ಅವಳ ಮನೆಗೇ ಬಂತು. ಅಕ್ಕ ಹೊಲಿಗೆ ಯಂತ್ರದಿಂದ ತಲೆಯೆತ್ತಿದಳು, ಎಂದಿನ ನಗುಮುಖ. “ಯಾರು ಬೇಕಾಗಿತ್ತು?” ಎಂದು ಕೇಳಿದಳು, ಬೇರೆಯವರನ್ನು ಕೇಳುವ ಹಾಗೆ.

ಚುಕ್ಕಿ ಬೆಚ್ಚಿ ಎದ್ದಳು. ಕೆನ್ನೆಯ ಮೇಲೆ ಕೀಬೋರ್ಡಿನ ಗುರುತು ಬಿದ್ದಿತ್ತು, ಕಣ್ಣು ಒದ್ದೆಯಾಗಿತ್ತು. ಕನ್ನಡಿಯಿಂದ ಬಂದ ಎಡಹೆಜ್ಜೆಯನ್ನು ಅಳಿಸಿಹಾಕಿದಳು. ಅಕ್ಕನಿಗೆ ನೋವಾಗಬಹುದು, ಅದು ಅವಳಿಗೆ ಗೊತ್ತಿತ್ತು. ಆದರೆ ಅಕ್ಕನ ಮುಂದೆ ಅಪರಿಚಿತಳಾಗಿ ನಿಲ್ಲುವುದು ಅವಳಿಂದ ಆಗುವ ಮಾತಾಗಿರಲಿಲ್ಲ.

ಎಡಹೆಜ್ಜೆಯನ್ನು ಈಗ ಕೈಯಾರೆ ಮಾಡಬೇಕಾಯಿತು. ಕ್ಯಾಮೆರಾದ ಚಿತ್ರವನ್ನು ಒಂದೊಂದೇ ಚೌಕಟ್ಟು ನಿಲ್ಲಿಸಿ, ಪಾದ ಎಲ್ಲಿ, ಸೊಂಟ ಎಲ್ಲಿ, ಭುಜ ಎಲ್ಲಿ ಎಂದು ನೋಡುತ್ತ ಗೊಂಬೆಯನ್ನು ಬಾಗಿಸಿದಳು. ಪಾದ ನೆಲ ಮುಟ್ಟಿದ ಮೇಲೆ ಮೈ ತಕ್ಷಣ ಇಳಿಯುವುದಿಲ್ಲ, ಒಂದು ಕ್ಷಣ ತಡೆದು, ನೆಲವನ್ನು ನಂಬಿ, ಆಮೇಲೆ ಇಳಿಯುತ್ತದೆ. ಏಳುವಾಗ ಮಾತ್ರ ಹಗುರ. ಹೀಗೆ ನೋಡುವಾಗಲೇ ಇನ್ನೊಂದು ಕಣ್ಣಿಗೆ ಬಿತ್ತು. ಚಿತ್ರದಲ್ಲಿ ಅವಳ ಬಲಗೈ ಎಲ್ಲರ ಕೈಯಂತೆ ಹಿಂದೆ ಮುಂದೆ ಬೀಸುತ್ತಿತ್ತು. ಎಡಗೈ ಬೀಸುತ್ತಿರಲಿಲ್ಲ. ಮೈಯಿಂದ ಸ್ವಲ್ಪ ದೂರಕ್ಕೆ, ಸ್ವಲ್ಪ ಮೇಲಕ್ಕೆ, ಬೆರಳು ಅರ್ಧ ಮಡಿಸಿಕೊಂಡು ಸುಮ್ಮನೆ ಇತ್ತು, ಯಾರದೋ ಬೆರಳು ಹಿಡಿದುಕೊಂಡಿದ್ದ ಹಾಗೆ. ಚುಕ್ಕಿ ಬಹಳ ಹೊತ್ತು ಆ ಕೈಯನ್ನು ನೋಡಿದಳು. ಆಮೇಲೆ ಮೂಗು ಒರೆಸಿಕೊಂಡು ಗೊಂಬೆಯ ಎಡಗೈಯನ್ನೂ ಹಾಗೇ ಇಟ್ಟಳು.

ಕೆಲಸ ಮುಗಿಯಿತು, ಧೈರ್ಯ ಮುಗಿದದ್ದು ಆಮೇಲೆ. ಮನೆಯವರು ಗೊಂಬೆಗಳನ್ನು ಗುರುತಿಸಬೇಕಾದ ಸಂಜೆಯ ಹಿಂದಿನ ದಿನ ಅಕ್ಕನ ಯಂತ್ರದ ಪಕ್ಕ ಹೋಗಿ ಕೂತು, ದಾರದುಂಡೆ ಉರುಳಿಸುತ್ತ, “ಅಕ್ಕ, ನಾಳೆ ನಿನಗೆ ತುಂಬ ಕೆಲ್ಸ ಇದ್ರೆ ಬರಲೇಬೇಕು ಅಂತೇನಿಲ್ಲ” ಅಂದಳು.

ಯಂತ್ರದ ಸದ್ದು ನಿಂತಿತು.

“ಯಾಕೇ, ತುಂಬ ಮೆಟ್ಟಿಲಿದೆಯಾ?”

ಚುಕ್ಕಿ ನಾಲಿಗೆ ಕಚ್ಚಿಕೊಂಡಳು. “ಇಲ್ಲಕ್ಕ. ಪಕ್ಕದಲ್ಲಿ ಇಳಿಜಾರು ದಾರಿ ಇದೆ.”

“ಹಾಗಾದ್ರೆ ಬರ್ತೀನಿ. ನೀಲಿ ಸೀರೆ ಇಸ್ತ್ರಿ ಮಾಡಿಟ್ಟು ಎಷ್ಟು ದಿನ ಆಯ್ತು!” ಎಂದು ಹೇಳಿ ಅಕ್ಕ ಮತ್ತೆ ಯಂತ್ರ ತುಳಿಯತೊಡಗಿದಳು.

ಸಭಾಂಗಣ ತುಂಬಿತ್ತು. ಅಪ್ಪ, ಅಮ್ಮ, ಅಕ್ಕ ನಡುವಿನ ಸಾಲಿನಲ್ಲಿ ಕೂತಿದ್ದರು. ವಿದ್ಯಾರ್ಥಿಗಳೆಲ್ಲ ಗೋಡೆಗೆ ಒರಗಿ ನಿಂತಿದ್ದರು. ದೀಪ ಆರಿತು, ಗೊಂಬೆಗಳು ಬಂದವು. ಒಂದು ಬೂದು ಗೊಂಬೆ ಕತ್ತು ಮುಂದೆ ಚಾಚಿಕೊಂಡು ದಾಪುಗಾಲು ಹಾಕಿತು; ಹಿಂದಿನ ಸಾಲಿನಿಂದ ಒಬ್ಬ ತಾತ, “ಇವನೇ, ನಮ್ಮ ಮೊಮ್ಮಗ, ಬಸ್ಸು ತಪ್ಪಿತು ಅನ್ನೋ ಹಾಗೆ ಹೋಗ್ತಾನೆ ನೋಡಿ!” ಎಂದು ಕೂಗಿದರು. ಎಲ್ಲರೂ ನಕ್ಕರು. ಇನ್ನೊಂದು ಗೊಂಬೆ ಪಾದ ಎಳೆಯುತ್ತ ಬಂತು, ಅದಕ್ಕೂ ಒಬ್ಬ ತಾಯಿ ಎದ್ದಳು. ದಪ್ಪ ಕನ್ನಡಕದವಳ ಗೊಂಬೆ ನೆಟ್ಟಗೆ ಬಂದು ನೆಟ್ಟಗೆ ಹೋಯಿತು, ಯಾರೂ ಏಳಲಿಲ್ಲ. “ನಂಗೆ ಮೋಡಗಳೇ ಇಷ್ಟ ಬಿಡು” ಎಂದು ಅವಳು ಪಿಸುಗುಟ್ಟಿದಳು. ಚುಕ್ಕಿ ಅವಳ ಕೈ ಹಿಡಿದು ಒತ್ತಿದಳು.

ಆಮೇಲೆ ಚುಕ್ಕಿಯ ಗೊಂಬೆ ಬಂತು. ಬಿಳಿ ಗೋಡೆಯ ಮೇಲೆ, ಆಳೆತ್ತರಕ್ಕೂ ದೊಡ್ಡದಾಗಿ, ಏನೋ ಯೋಚಿಸುತ್ತಿರುವಂತೆ ನಡೆದು ಬಂತು. ಎಡಗಾಲು ಊರಿತು, ನೆಲವನ್ನು ನಂಬಿತು, ಇಳಿಯಿತು, ಎದ್ದಿತು. ಚುಕ್ಕಿ ಗೊಂಬೆಯನ್ನು ನೋಡುತ್ತಿರಲಿಲ್ಲ, ನಡುವಿನ ಸಾಲನ್ನು ನೋಡುತ್ತಿದ್ದಳು.

ಅಮ್ಮ ಧಡಕ್ಕನೆ ಎದ್ದು ನಿಂತಳು. “ಅಯ್ಯೋ! ಅದು ನಮ್ಮ ದೊಡ್ಡವಳು!”

ಮುಂದೆ ನಿಂತಿದ್ದ ಮೇಷ್ಟ್ರು ಮೆಲ್ಲಗೆ, “ನಿಮ್ಮ ದೊಡ್ಡ ಮಗಳು ನಮ್ಮಲ್ಲಿ ಓದ್ತಾ ಇದಾರಾ ಅಮ್ಮ?” ಎಂದು ಕೇಳಿದರು. ಅಮ್ಮನಿಗೆ ಆಗ ಅರಿವಾಯಿತು. ಇಷ್ಟು ವರ್ಷ ಮನೆಯಲ್ಲಿ ಯಾರೂ ಆಡದ ಮಾತನ್ನು ತಾನು ಇಷ್ಟು ಜನರ ನಡುವೆ ಕೂಗಿ ಹೇಳಿಬಿಟ್ಟೆ ಎಂದು ಗೊತ್ತಾಗಿ ಕೈ ಬಾಯಿಗೆ ಹೋಯಿತು. ಅಪ್ಪ ನೆಲ ನೋಡಿದ. ಗೊಂಬೆ ಮಾತ್ರ ನಡೆಯುತ್ತಲೇ ಇತ್ತು.

ಅಕ್ಕ ಮುಂದಿನ ಕುರ್ಚಿಯ ಬೆನ್ನು ಹಿಡಿದು ಎದ್ದಳು.

“ಕೂತ್ಕೋಮ್ಮ, ಏನೇನೋ ಅಂತೀಯಲ್ಲ. ನಾನ್ಯಾಕೆ ಅಲ್ಲಿರ್ತೀನಿ? ಅದು ನಮ್ಮ ಚುಕ್ಕಿ” ಎಂದಳು. ದನಿಯಲ್ಲಿ ಒಂದಿಷ್ಟೂ ಅನುಮಾನವಿರಲಿಲ್ಲ. “ದಿನಾ ಬೆಳಿಗ್ಗೆ ಕಿಟಕಿಯಿಂದ ನೋಡ್ತೀನಿ, ಬೀದಿ ಕೊನೆ ತನಕ. ನಂಗೆ ಗೊತ್ತಾಗಲ್ವಾ? ಎಡಗೈ ನೋಡು. ಚಿಕ್ಕೋಳಿದ್ದಾಗ ನನ್ನ ಬೆರಳು ಹಿಡ್ಕೊಂಡಿದ್ದಳಲ್ಲ, ಇನ್ನೂ ಬಿಟ್ಟೇ ಇಲ್ಲ.”

ಮೇಷ್ಟ್ರು ಚುಕ್ಕಿಯ ಕಡೆ ತಿರುಗಿದರು. “ರಜೆ ಮುಗಿದ ಮೇಲೆ ನನ್ನ ಕೋಣೆಗೆ ಬಾ” ಅಂದರು, ಅಷ್ಟೆ. ಯಾರೋ ಚಪ್ಪಾಳೆ ತಟ್ಟಿದರು. ಬಿಳಿ ಗೋಡೆಯ ಮೇಲೆ ಆಗಲೇ ಬೇರೆ ಗೊಂಬೆ ಬಂದಿತ್ತು.

ವರ್ಷಗಟ್ಟಲೆ ಕಂಡ ಕನಸು ಕೈಗೆ ಬಂದರೂ ಚುಕ್ಕಿಗೆ ಅದರ ಕಡೆ ಗಮನವಿರಲಿಲ್ಲ. ಅವಳು ನೋಡುತ್ತಿದ್ದದ್ದು ಅಕ್ಕನ ಮುಖ. ಗಾಳಿಯ ಸುದ್ದಿ ಪರದೆಯ ಅಂಚಿಗೆ ತಡವಾಗಿ ಮುಟ್ಟುವಂತೆ, ಆ ಮುಖಕ್ಕೂ ಏನೋ ಒಂದು ಈಗ ಬಂದು ಮುಟ್ಟುತ್ತಿತ್ತು. ಅಕ್ಕ ಕೂತಳು. ಅಮ್ಮನನ್ನು ನೋಡಿದಳು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಅಕ್ಕ ಎದ್ದು ಬಾಗಿಲ ಕಡೆ ನಡೆದಳು.

ಚುಕ್ಕಿ ಹಿಂದೆಯೇ ಹೋದಳು. ಕ್ಯಾಮೆರಾ ಇಟ್ಟಿದ್ದ ಅದೇ ಪಡಸಾಲೆ. ಸಂಜೆಯ ಬಿಸಿಲು ಕಿಟಕಿಗಳಿಂದ ಓರೆಯಾಗಿ ಬಿದ್ದು ನೆಲವೆಲ್ಲ ಹಳದಿ ಪಟ್ಟೆಗಳಾಗಿತ್ತು. ಅಕ್ಕ ಗೋಡೆಗೆ ಒರಗಿ ನಿಂತಿದ್ದಳು.

“ಅಮ್ಮ ಸುಮ್ಸುಮ್ನೆ ಹಾಗನ್ನಲ್ಲ” ಎಂದಳು. “ನಾನು ಹೀಗೆ ನಡೀತೀನಾ?”

ಚುಕ್ಕಿಗೆ ಅಳು ಒತ್ತರಿಸಿ ಬಂತು. “ಅಣಕಿಸಿದ್ದಲ್ಲಕ್ಕ, ನಿನ್ನಾಣೆ. ನಾನು ನಡೆಯೋದೇ ಹಾಗೆ. ನಂಗೂ ಗೊತ್ತಿರ್ಲಿಲ್ಲ. ನಿನ್ನ ಕೈ ಹಿಡ್ಕೊಂಡು ಕಲ್ತಿದ್ದು, ಬೇರೆ ಥರ ಬರೋದೇ ಇಲ್ಲ. ಮೊದ್ಲು ಮುಚ್ಚಿಟ್ಟಿದ್ದೆ. ಆಮೇಲೆ ಆಗ್ಲಿಲ್ಲ.”

ಅಕ್ಕ ಗಲ್ಲ ಎತ್ತಿ, “ಹೋಗು. ಆ ಕೊನೆ ತನಕ ನಡಿ, ನೋಡೋಣ” ಅಂದಳು.

ಚುಕ್ಕಿ ನಡೆದಳು. ಆ ಮನೆಯವರು ಜೊತೆಗಿದ್ದ ಅಕ್ಕನನ್ನು ಹಿಂದೆ ಬಿಟ್ಟು ನಡೆದದ್ದು ಅದೇ ಮೊದಲು. ಬಿಸಿಲಿನ ಪಟ್ಟೆ ದಾಟಿ, ನೆರಳು ದಾಟಿ, ಮತ್ತೆ ಪಟ್ಟೆ ದಾಟಿ ಪಡಸಾಲೆಯ ಕೊನೆಗೆ ಹೋಗಿ ತಿರುಗಿ ಬಂದಳು. ಬರುವಷ್ಟರಲ್ಲಿ ಅಕ್ಕನ ಕಣ್ಣು ತುಂಬಿತ್ತು, ಮುಖದಲ್ಲಿ ನಗುವಿತ್ತು.

“ನಾನು ನಡೆಯೋದನ್ನ ನಾನು ಯಾವತ್ತೂ ನೋಡಿಲ್ಲ ಕಣೇ. ಆ ಹುಡುಗ್ರು ಮಾಡಿ ತೋರಿಸಿದ್ದು ನೋಡಿದ್ದೆ. ನಾನು ಹಾಗೇ ಇರ್ತೀನಿ ಅಂತ ಇಷ್ಟು ವರ್ಷ ನಂಬ್ಕೊಂಡಿದ್ದೆ.”

ಸಭಾಂಗಣದೊಳಗೆ ಮತ್ತೆ ಯಾರೋ ‘ನಮ್ಮವನೇ!’ ಎಂದು ಕೂಗಿದರು, ನಗು ಕೇಳಿಸಿತು.

“ದಿನಾ ಬೆಳಿಗ್ಗೆ ನೀನು ಬೀದಿಲಿ ಹೋಗೋದು ನೋಡಿ ನಾನು ಏನಂದ್ಕೋತಿದ್ದೆ ಗೊತ್ತಾ?” ಎಂದಳು ಅಕ್ಕ. “ಎಷ್ಟು ಚೆನ್ನಾಗಿ ನಡೀತಾಳೆ ನಮ್ಮ ಹುಡುಗಿ, ನಂಗೂ ಇವಳ ಹಾಗೆ ನಡೆಯೋಕೆ ಬಂದಿದ್ರೆ ಅಂತ.”

ಒಳಗಿನಿಂದ ಅಮ್ಮ ಇಬ್ಬರನ್ನೂ ಹೆಸರು ಹಿಡಿದು ಕರೆಯುತ್ತಿದ್ದಳು. ಅಕ್ಕ ಕಣ್ಣೊರೆಸಿಕೊಂಡು ಬಲಗೈ ಚಾಚಿದಳು. ಚುಕ್ಕಿಯ ಎಡಗೈ ಇದ್ದಲ್ಲೇ ಇತ್ತು.